ವೇಷ ಕಟ್ಟಿದ ಕಿಟಕಿಗಳು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದೇ ದಿನ ಐರ್ಲೆಂಡಿನ ಜೋರಿನ್ ಎಂಬ ಸಣ್ಣ ಬಳಗ ತನ್ನ ಲಿನಕ್ಸ್ ಆಧಾರಿತ ವ್ಯವಸ್ಥೆಯ 18ನೇ ಆವೃತ್ತಿಯನ್ನು ಬಿಡುಗಡೆ ಮಾಡಿತು. ದಿನ ನೋಡಿ ಇಟ್ಟ ಮುಹೂರ್ತವೇ ಅದು. ಜೋರಿನ್‌ನಲ್ಲಿ ಒಂದು ಪುಟ್ಟ ಸಲಕರಣೆಯಿದೆ. ಅದನ್ನು ತೆರೆದರೆ ಪರದೆಯ ಬೇರೆ ಬೇರೆ ವಿನ್ಯಾಸಗಳ ಚಿಕ್ಕ ಚಿತ್ರಗಳು ಸಾಲಾಗಿ ಕಾಣುತ್ತವೆ. ಒಂದನ್ನು ಒತ್ತಿದರೆ ಕೆಳಗೊಂದು ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ, ಥೇಟ್ ವಿಂಡೋಸ್. ದುಡ್ಡು ಕೊಟ್ಟು ಕೊಳ್ಳುವ ಆವೃತ್ತಿಯಾದರೆ ಇನ್ನೊಂದು ಚಿತ್ರವನ್ನೂ ಒತ್ತಬಹುದು. ಆಗ ಪಟ್ಟಿ ಮೇಲಕ್ಕೆ ಹೋಗುತ್ತದೆ, ಕೆಳಗೆ ಐಕಾನ್‌ಗಳ ಸಾಲು ಬರುತ್ತದೆ, ಮ್ಯಾಕ್ ಎದುರು ಕೂತ ಹಾಗಾಗುತ್ತದೆ. ಒಳಗಿನ ಯಂತ್ರ ಮಾತ್ರ ಬದಲಾಗುವುದಿಲ್ಲ. ಚೌಕಿಯಲ್ಲಿ ಅದೇ ಕಲಾವಿದ ಒಂದು ರಾತ್ರಿ ಅರ್ಜುನ, ಮರುರಾತ್ರಿ ದ್ರೌಪದಿ ಆದಂತೆ.

ಒಂದು ಕಂಪ್ಯೂಟರಿಗೆ ಇನ್ನೊಂದರ ಮುಖ ಬರೆಯುವ ಈ ಕಸುಬಿಗೆ ನಲವತ್ತು ವರ್ಷ ವಯಸ್ಸು. ಹವ್ಯಾಸಿ ಹುಡುಗರ ಆಟ ಎಂದು ತಳ್ಳಿಹಾಕುವವರಿಗೆ ಅದರ ಅರ್ಧ ಕತೆಯಷ್ಟೇ ಗೊತ್ತು. ಈ ಕತೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬರುತ್ತದೆ, ಉತ್ತರ ಕೊರಿಯಾದ ಸರ್ಕಾರ ಬರುತ್ತದೆ, ಬೇಹುಗಾರರಿಂದ ತಪ್ಪಿಸಿಕೊಂಡು ಓಡಾಡುವ ಪತ್ರಕರ್ತರು ಬರುತ್ತಾರೆ. ಯಂತ್ರವೊಂದನ್ನು ವರ್ಷಗಟ್ಟಲೆ ಬಳಸಿ ನಮ್ಮ ಕಣ್ಣಿಗೂ ಬೆರಳಿಗೂ ಹತ್ತಿದ ರೂಢಿ ಯಾರ ಸೊತ್ತು ಎಂಬ ಜಗಳ ಇದರುದ್ದಕ್ಕೂ ನಡೆದಿದೆ.

ಮೊದಲ ಮುಖವೇ ಎರವಲಿನದು. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾಲಯ ಪಾರ್ಕ್‌ನಲ್ಲಿ 1973ರ ಹೊತ್ತಿಗೇ ಆಲ್ಟೋ ಎಂಬ ಯಂತ್ರ ತಯಾರಾಗಿತ್ತು. ಪರದೆಯ ಮೇಲೆ ಚಿತ್ರ, ಕೈಯಲ್ಲಿ ಮೌಸ್. 1979ರ ಕೊನೆಗೆ ಸ್ಟೀವ್ ಜಾಬ್ಸ್ ಮತ್ತು ಆಪಲ್‌ನ ಕೆಲವು ಎಂಜಿನಿಯರುಗಳು ಅಲ್ಲಿಗೆ ಹೋಗಿ ನೋಡಿ ಬಂದರು. ಇದನ್ನು ಕಳವು ಎಂದು ಬಣ್ಣಿಸುವುದು ರೂಢಿಯಾಗಿದೆ. ಆದರೆ ಅದಕ್ಕೊಂದು ಲೆಕ್ಕಾಚಾರವಿತ್ತು: ಆಪಲ್ ಇನ್ನೂ ಷೇರುಪೇಟೆಗೆ ಬಂದಿರಲಿಲ್ಲ, ಅದರ ಒಂದು ಲಕ್ಷ ಷೇರುಗಳನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳುವ ಅವಕಾಶ ಜೆರಾಕ್ಸ್‌ಗೆ ಸಿಕ್ಕಿತ್ತು. ಆಪಲ್‌ನ ಬಿಲ್ ಅಟ್ಕಿನ್‌ಸನ್ ಅಲ್ಲಿಂದ ಮರಳಿದ ಮೇಲೆ, ಒಂದರ ಮೇಲೊಂದು ಬಿದ್ದ ಕಿಟಕಿಗಳಲ್ಲಿ ಅಡಿಯದು ತನ್ನಷ್ಟಕ್ಕೆ ಸರಿಯಾಗಿ ಬರೆದುಕೊಳ್ಳುವುದನ್ನು ತಾನು ಅಲ್ಲಿ ನೋಡಿದೆನೆಂದೇ ನಂಬಿದ್ದರು. ಜೆರಾಕ್ಸ್‌ನವರಿಗೆ ಅದು ಹಾಗೆ ಸಾಧ್ಯ ಎಂಬ ನೆಚ್ಚಿಕೆಯಿಂದಲೇ ತಲೆ ಕೆಡಿಸಿಕೊಂಡು ಅದಕ್ಕೊಂದು ಹೊಸ ವಿಧಾನ ಹುಡುಕಿದರು. ನಿಜಕ್ಕೂ ಪಾರ್ಕ್‌ನಲ್ಲಿ ಅದು ಇರಲೇ ಇಲ್ಲ. ಇಲ್ಲದ್ದನ್ನು ನಕಲು ಮಾಡಲು ಹೋಗಿ ಹೊಸದು ಹುಟ್ಟಿದ ಇಂಥ ಪ್ರಸಂಗ ತಂತ್ರಜ್ಞಾನದ ಚರಿತ್ರೆಯಲ್ಲಿ ನನಗೆ ಬೇರೆ ಕಂಡಿಲ್ಲ. ಜೆರಾಕ್ಸ್‌ನ ಸ್ಟಾರ್ 1981ರಲ್ಲಿ, ಆಪಲ್‌ನ ಲೀಸಾ 1983ರಲ್ಲಿ ಬಂದವು. ಮಧ್ಯಮ ವರ್ಗದ ಕೈಗೆಟುಕಬಹುದಾದ ಮ್ಯಾಕಿಂಟಾಷ್ 1984ರ ಜನವರಿ 24ರಂದು ಬಂತು, ಬೆಲೆ 2,495 ಡಾಲರ್.

ಮರುವರ್ಷವೇ ನಕಲಿನ ಮೊದಲ ಮೊಕದ್ದಮೆ ಬರಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು. ಗ್ಯಾರಿ ಕಿಲ್ಡಾಲ್ ಕಟ್ಟಿದ ಡಿಜಿಟಲ್ ರಿಸರ್ಚ್ ಎಂಬ ಕಂಪನಿ 1985ರಲ್ಲಿ ಐಬಿಎಂ ಮಾದರಿಯ ಪಿಸಿಗಳಿಗಾಗಿ ಜೆಮ್ ಎಂಬ ಡೆಸ್ಕ್‌ಟಾಪ್ ಮಾಡಿತು. ಮೇಲೆ ಮೆನು, ಬದಿಯಲ್ಲಿ ಡಿಸ್ಕ್‌ಗಳು, ಕೆಳಗೆ ಕಸದ ಬುಟ್ಟಿ. ಅಗ್ಗದ ಪಿಸಿ ಮ್ಯಾಕ್ ಆಗಿ ಕೂತಿತ್ತು. ಆಪಲ್‌ನ ವಕೀಲರು ಬಂದರು. ಡಿಜಿಟಲ್ ರಿಸರ್ಚ್ ಹೋರಾಡಲಿಲ್ಲ, ಅದೇ ಸೆಪ್ಟೆಂಬರಿನಲ್ಲಿ ರಾಜಿಗೆ ಒಪ್ಪಿತು. ಮುಂದಿನ ಆವೃತ್ತಿಯಲ್ಲಿ ಕಸದ ಬುಟ್ಟಿ ಮಾಯ, ಡೆಸ್ಕ್‌ಟಾಪಿನ ಮೇಲಿನ ಡಿಸ್ಕ್‌ಗಳು ಮಾಯ. ಬೇಕೆಂದಲ್ಲಿಗೆ ಎಳೆದು ಹಿಗ್ಗಿಸುವ ಕಿಟಕಿಗಳ ಜಾಗದಲ್ಲಿ ಅಲುಗಾಡದ ಎರಡೇ ಕಿಟಕಿ. ಕೈಕಾಲು ಕಟ್ಟಿ ಕೂರಿಸಿದ ಹಾಗಿತ್ತು. ತಮಾಷೆಯೆಂದರೆ ಅಟಾರಿ ಎಸ್‌ಟಿ ಯಂತ್ರಗಳಲ್ಲಿದ್ದ ಅದೇ ಜೆಮ್‌ಗೆ ಈ ರಾಜಿ ಅನ್ವಯಿಸಲಿಲ್ಲ. ಅಟಾರಿಯ ಬಳಕೆದಾರರು ತಮ್ಮ ಕಸದ ಬುಟ್ಟಿಯನ್ನು ವರ್ಷಗಟ್ಟಲೆ ನೆಮ್ಮದಿಯಾಗಿ ಬಳಸಿದರು.

ಮೈಕ್ರೋಸಾಫ್ಟ್ ಇಷ್ಟು ಸುಲಭವಾಗಿ ಬಗ್ಗುವ ಪೈಕಿಯಲ್ಲ. ವಿಂಡೋಸ್‌ನ ಮೊದಲ ಆವೃತ್ತಿ 1985ರ ನವೆಂಬರ್ 20ರಂದು ಹೊರಬಂತು. ಅದರಲ್ಲಿ ಕಿಟಕಿಗಳು ಒಂದರ ಮೇಲೊಂದು ಬೀಳುತ್ತಿರಲಿಲ್ಲ, ನೆಲದ ಹಂಚಿನ ಹಾಗೆ ಪಕ್ಕಪಕ್ಕ ಕೂರುತ್ತಿದ್ದವು. ಎರಡೇ ದಿನಗಳಲ್ಲಿ ಆಪಲ್‌ನ ಮುಖ್ಯಸ್ಥ ಜಾನ್ ಸ್ಕಲ್ಲಿ ಮೈಕ್ರೋಸಾಫ್ಟ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಮ್ಯಾಕ್‌ಗೆ ವರ್ಡ್, ಎಕ್ಸೆಲ್ ಬರೆದುಕೊಡುತ್ತಿದ್ದವರು ಮೈಕ್ರೋಸಾಫ್ಟಿನವರೇ ಆದ್ದರಿಂದ ಆಪಲ್‌ಗೆ ಅವರನ್ನು ಬಿಡುವಂತಿರಲಿಲ್ಲ. ವಿಂಡೋಸ್ 1ರಲ್ಲಿದ್ದ ದೃಶ್ಯಾಂಶಗಳನ್ನು ಮುಂದಿನ ಸಾಫ್ಟ್‌ವೇರುಗಳಲ್ಲೂ ಬಳಸಲು ಆ ಒಪ್ಪಂದ ಪರವಾನಗಿ ಕೊಟ್ಟಿತು. ಒಂದೆರಡು ಪುಟದ ಕಾಗದವನ್ನು ಅವಸರದಲ್ಲಿ ಓದಿದರೆ ಏನಾಗುತ್ತದೆ ಎಂಬುದಕ್ಕೆ ಇದು ಪಾಠ. 1987ರ ಕೊನೆಗೆ ವಿಂಡೋಸ್ 2 ಬಂದಾಗ ಕಿಟಕಿಗಳು ಒಂದರ ಮೇಲೊಂದು ಬೀಳತೊಡಗಿದ್ದವು. 1988ರ ಮಾರ್ಚ್ 17ರಂದು ಆಪಲ್ ಮೈಕ್ರೋಸಾಫ್ಟ್ ಮೇಲೂ ಹ್ಯೂಲೆಟ್-ಪ್ಯಾಕರ್ಡ್ ಮೇಲೂ ದಾವೆ ಹೂಡಿತು.

ಆಪಲ್ ಬಳಸಿದ ಮಾತು 'ನೋಟ ಮತ್ತು ಅನುಭವ'. ಬಿಡಿಬಿಡಿ ಗುಂಡಿಗಳಲ್ಲ, ಒಟ್ಟಾರೆ ಮುಖಲಕ್ಷಣವೇ ನಮ್ಮದು ಎಂಬ ವಾದ. ನ್ಯಾಯಾಲಯ ಇದನ್ನು ಒಪ್ಪದೆ ಬಿಡಿಬಿಡಿಯಾಗಿಯೇ ಎಣಿಸಿತು. ಹೋಲಿಕೆಯ ಅಂಶಗಳ ಪಟ್ಟಿ 189ಕ್ಕೆ ಮುಟ್ಟಿತು. ಅವುಗಳಲ್ಲಿ 179ಕ್ಕೆ 1985ರ ಒಪ್ಪಂದವೇ ಪರವಾನಗಿ ಕೊಟ್ಟಿದೆ ಎಂದು ತೀರ್ಮಾನವಾಯಿತು. ಉಳಿದ ಹತ್ತರಲ್ಲಿ ಹೆಚ್ಚಿನವಕ್ಕೆ ಕೃತಿಸ್ವಾಮ್ಯವೇ ಸಲ್ಲುವುದಿಲ್ಲ ಎಂದಾಯಿತು. ನಡುವೆ 1989ರ ಡಿಸೆಂಬರಿನಲ್ಲಿ ಜೆರಾಕ್ಸ್ ಆಪಲ್ ಮೇಲೆಯೇ ದಾವೆ ಹಾಕಿತು, ಕೆಲವೇ ತಿಂಗಳಲ್ಲಿ ಅದರ ಬಹುಪಾಲು ವಜಾ ಆಯಿತು. 1994ರಲ್ಲಿ ಮೇಲ್ಮನವಿಯಲ್ಲೂ ಆಪಲ್ ಸೋತಿತು.

ಎಲ್ಲರಿಗೂ ಗೊತ್ತಿರುವ ಮೊಕದ್ದಮೆ ಇದು. ಆದರೆ ನನ್ನ ಮಟ್ಟಿಗೆ ಹೆಚ್ಚು ತೂಕದ್ದು ಇನ್ನೊಂದು, ಅದರಲ್ಲಿ ಕಿಟಕಿಯೂ ಇಲ್ಲ ಐಕಾನೂ ಇಲ್ಲ. 1980ರ ದಶಕದಲ್ಲಿ ಲೆಕ್ಕಪತ್ರ ಎಂದರೆ ಲೋಟಸ್ 1-2-3. ಬ್ಯಾಂಕು, ಕಾರ್ಖಾನೆ, ಆಡಿಟರ್ ಕಚೇರಿ, ಎಲ್ಲೆಲ್ಲೂ ಅದೇ. ಬೋರ್ಲ್ಯಾಂಡ್ ಕಂಪನಿ ಕ್ವಾಟ್ರೋ ಪ್ರೋ ಎಂಬ ಪ್ರತಿಸ್ಪರ್ಧಿಯನ್ನು ಮಾಡಿದಾಗ ಅದಕ್ಕೆ ಸ್ವಂತ ಮುಖ ಒಂದು, ಲೋಟಸ್ ಮುಖ ಇನ್ನೊಂದು ಕೊಟ್ಟಿತು. ಲೋಟಸ್ ಕಲಿತವರು ಆ ಎರಡನೆಯದನ್ನು ಆರಿಸಿಕೊಂಡರೆ ಅದೇ ಆಜ್ಞೆಗಳು, ಅದೇ ಕ್ರಮ. ಐವತ್ತಕ್ಕೂ ಹೆಚ್ಚು ಮೆನುಗಳಲ್ಲಿ ಹರಡಿಕೊಂಡ 469 ಆಜ್ಞೆಗಳು. ಸಂಕೇತದ ಒಂದು ಸಾಲನ್ನೂ ಬೋರ್ಲ್ಯಾಂಡ್ ಕದ್ದಿರಲಿಲ್ಲ, ಹೆಸರುಗಳನ್ನೂ ಅವುಗಳ ಜೋಡಣೆಯನ್ನೂ ಮಾತ್ರ ತೆಗೆದುಕೊಂಡಿತ್ತು. 1990ರಲ್ಲಿ ಲೋಟಸ್ ದಾವೆ ಹೂಡಿತು, ಕೆಳಗಿನ ನ್ಯಾಯಾಲಯದಲ್ಲಿ ಗೆದ್ದಿತು.

1995ರ ಮಾರ್ಚಿನಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಮೆನು ಎಂದರೆ ಯಂತ್ರವನ್ನು ನಡೆಸುವ ವಿಧಾನ, ವಿಸಿಆರ್‌ನ ಗುಂಡಿಗಳಿದ್ದ ಹಾಗೆ, ಅದಕ್ಕೆ ಕೃತಿಸ್ವಾಮ್ಯ ಇಲ್ಲ ಎಂದಿತು. ನ್ಯಾಯಮೂರ್ತಿ ಮೈಕೆಲ್ ಬೌಡಿನ್ ಬೇರೆಯಾಗಿ ಬರೆದ ಸಹಮತದ ತೀರ್ಪಿನಲ್ಲಿ ಇನ್ನೊಂದು ಮಾತು ಇದೆ. ಲೋಟಸ್ ಮೆನುವನ್ನು ಕಲಿಯಲು ಶ್ರಮ ಹಾಕಿದವರು ಬಳಕೆದಾರರು, ಅದರ ಮೇಲೆ ತಮ್ಮದೇ ಮ್ಯಾಕ್ರೋಗಳನ್ನು ಕಟ್ಟಿಕೊಂಡವರೂ ಅವರೇ. ನಾಳೆ ಇನ್ನೂ ಒಳ್ಳೆಯ ಸಾಫ್ಟ್‌ವೇರ್ ಬಂದರೆ ಹಿಂದೆ ಕಲಿತ ವಿದ್ಯೆಯ ಕಾರಣಕ್ಕೆ ಅವರು ಲೋಟಸ್‌ಗೆ ಕಟ್ಟುಬಿದ್ದೇ ಇರಬೇಕೇ ಎಂಬುದು ಅವರ ಪ್ರಶ್ನೆ. ಸುಪ್ರೀಂ ಕೋರ್ಟಿನಲ್ಲಿ ಒಬ್ಬ ನ್ಯಾಯಮೂರ್ತಿ ಹಿಂದೆ ಸರಿದಿದ್ದರಿಂದ ಎಂಟು ಮಂದಿ ಉಳಿದರು, 1996ರ ಜನವರಿಯಲ್ಲಿ ನಾಲ್ಕು-ನಾಲ್ಕರ ಸಮ ಬಂತು. ಹಾಗಾಗಿ ಮೇಲ್ಮನವಿ ನ್ಯಾಯಾಲಯದ ತೀರ್ಪೇ ನಿಂತಿತು, ದೇಶಕ್ಕೆಲ್ಲ ಅನ್ವಯಿಸುವ ತತ್ವವೇನೂ ಹೊರಬೀಳಲಿಲ್ಲ.

ಅಷ್ಟರಲ್ಲಿ ಬೋರ್ಲ್ಯಾಂಡ್ ಕ್ವಾಟ್ರೋ ಪ್ರೋವನ್ನು ನೊವೆಲ್‌ಗೆ ಮಾರಿಯಾಗಿತ್ತು, ಲೋಟಸನ್ನು ಐಬಿಎಂ ಕೊಂಡಾಗಿತ್ತು, ಎಕ್ಸೆಲ್ ಇಬ್ಬರ ಊಟವನ್ನೂ ಉಂಡಿತ್ತು. ಎಕ್ಸೆಲ್ ಕೂಡ ಲೋಟಸ್ ವೇಷ ಹಾಕಿಯೇ ಒಳಗೆ ಬಂದದ್ದು. ಈಗಲೂ ನಿಮ್ಮ ಕಚೇರಿಯ ಎಕ್ಸೆಲ್‌ನಲ್ಲಿ ಓರೆಗೆರೆಯ ಕೀಲಿಯನ್ನು ಒತ್ತಿ ನೋಡಿ, ಮೇಲಿನ ಮೆನು ಎಚ್ಚೆತ್ತುಕೊಳ್ಳುತ್ತದೆ. ಅದು ಲೋಟಸ್‌ನ ಕೀಲಿ. 1900ನೇ ಇಸವಿ ಅಧಿಕ ವರ್ಷವಲ್ಲ, ಆದರೂ ಎಕ್ಸೆಲ್ ಆ ವರ್ಷದ ಫೆಬ್ರವರಿಗೆ 29 ದಿನ ಕೊಡುತ್ತದೆ. ಲೋಟಸ್‌ನಲ್ಲಿದ್ದ ತಪ್ಪು ಅದು. ಲೋಟಸ್ ಕಡತಗಳ ತಾರೀಖುಗಳು ಹೊಂದಬೇಕೆಂದು ತಪ್ಪನ್ನೂ ಜತನದಿಂದ ನಕಲು ಮಾಡಿದರು.

ಇತ್ತ ಯುನಿಕ್ಸ್ ಲೋಕದಲ್ಲಿ ವೇಷ ಬದಲಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಎಂಐಟಿಯಲ್ಲಿ 1984ರಲ್ಲಿ ಶುರುವಾದ ಎಕ್ಸ್ ವಿಂಡೋ ವ್ಯವಸ್ಥೆಯ ಕಟ್ಟೋಣವೇ ಹಾಗೆ. ಪರದೆಯ ಮೇಲೆ ಗೆರೆ ಎಳೆಯುವುದು ಒಂದು ಪ್ರೋಗ್ರಾಮ್, ಕಿಟಕಿಗೆ ಚೌಕಟ್ಟು ಹಾಕಿ ಮೂಲೆಗೆ ಗುಂಡಿ ಅಂಟಿಸುವುದು ಬೇರೆಯದೇ ಪ್ರೋಗ್ರಾಮ್. ಈ ಎರಡನೆಯದಕ್ಕೆ ವಿಂಡೋ ಮ್ಯಾನೇಜರ್ ಎಂದು ಹೆಸರು. ಅದನ್ನು ತೆಗೆದು ಇನ್ನೊಂದು ಇಟ್ಟರೆ ಮುಖ ಬದಲು, ಒಳಗೆ ಓಡುತ್ತಿರುವ ಪ್ರೋಗ್ರಾಮಿಗೆ ಗೊತ್ತೂ ಆಗುವುದಿಲ್ಲ. 1993ರಲ್ಲಿ ರಾಬರ್ಟ್ ನೇಷನ್ ಎಂಬಾತ ಎಫ್‌ವಿಡಬ್ಲ್ಯುಎಂ ಎಂಬ ಹಗುರ ವಿಂಡೋ ಮ್ಯಾನೇಜರ್ ಬರೆದ. 1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂದದ್ದೇ ತಡ, ಅದರ ಬೂದುಬಣ್ಣ, ಉಬ್ಬಿದ ಗುಂಡಿ, ಎಡ ಮೂಲೆಯ ಸ್ಟಾರ್ಟ್ ಎಲ್ಲವೂ ಎಫ್‌ವಿಡಬ್ಲ್ಯುಎಂ95 ಎಂಬ ಹೆಸರಿನಲ್ಲಿ ಲಿನಕ್ಸ್ ಮೇಲೆ ಕಾಣಿಸಿಕೊಂಡವು. ಆ ದಶಕದ ಕೊನೆಗೆ ರೆಡ್ ಹ್ಯಾಟ್ ಕೂಡ ವಿಂಡೋಸ್ 95ರ ಛಾಯೆಯ ಡೆಸ್ಕ್‌ಟಾಪನ್ನೇ ಕೊಡುತ್ತಿತ್ತು. ಮೈಕ್ರೋಸಾಫ್ಟನ್ನು ಹಗಲಿರುಳು ಬೈಯುತ್ತಿದ್ದ ಮಂದಿಯೇ ಅದರ ಮುಖವನ್ನು ಬರೆದುಕೊಂಡರು. ನೆರೆಮನೆಯವರಿಗೆ ಲಿನಕ್ಸ್ ಹಾಕಿಕೊಡಬೇಕಾದರೆ ಅವರು ಕೇಳುವ ಮೊದಲ ಪ್ರಶ್ನೆ 'ಸ್ಟಾರ್ಟ್ ಎಲ್ಲಿ?' ಎಂಬುದೇ ಆಗಿತ್ತಲ್ಲ.

ಎಲ್ಲ ವೇಷಗಳೂ ಗೆದ್ದವರ ಕಡೆಗೇ ಮುಖ ಮಾಡಿರಲಿಲ್ಲ. ಆಪಲ್‌ನಿಂದ ಹೊರಬಿದ್ದ ಜಾಬ್ಸ್ ಕಟ್ಟಿದ ನೆಕ್ಸ್ಟ್ ಕಂಪನಿಯ ಯಂತ್ರಗಳು ದುಬಾರಿ, ಮಾರಾಟ ಕಡಿಮೆ. ಕೊಳ್ಳಲಾಗದವರು ಅದರ ಪರದೆಯನ್ನು ಮೋಹಿಸಿದರು. ಬೂದು ಅಮೃತಶಿಲೆಯಂಥ ಚೌಕಗಳು, ಬಲ ಅಂಚಿನಲ್ಲಿ ಸಾಲುಗಟ್ಟಿದ ಡಾಕ್. ಆಫ್ಟರ್‌ಸ್ಟೆಪ್ ಬಂತು, ಅದಾದ ಮೇಲೆ 1997ರಲ್ಲಿ ಬ್ರೆಜಿಲ್‌ನ ಆಲ್ಫ್ರೆಡೋ ಕೋಜಿಮಾ ವಿಂಡೋ ಮೇಕರ್ ಬರೆದ. ಲಿನಕ್ಸ್‌ನ ಆಫ್ಟರ್‌ಸ್ಟೆಪ್ ನೋಡಿ ಆಸೆಪಟ್ಟ ವಿಂಡೋಸ್ ಬಳಕೆದಾರರು ಲೈಟ್‌ಸ್ಟೆಪ್ ಎಂಬುದನ್ನು ಮಾಡಿಕೊಂಡರು. ಅಂದರೆ ವಿಂಡೋಸ್ ಯಂತ್ರ ಲಿನಕ್ಸ್ ವೇಷ ಹಾಕಿತ್ತು, ಆ ಲಿನಕ್ಸ್ ನೆಕ್ಸ್ಟ್ ವೇಷ ಹಾಕಿತ್ತು. ಈ ನಡುವೆ ಆಪಲ್ ನೆಕ್ಸ್ಟನ್ನು ಸುಮಾರು 40 ಕೋಟಿ ಡಾಲರಿಗೆ ಕೊಂಡು ಅದರ ಒಡಲಿಗೆ ಮ್ಯಾಕ್ ಮುಖ ಹಚ್ಚತೊಡಗಿತ್ತು.

ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಕ್ 1996ರಲ್ಲಿ ಶುರುಮಾಡಿದ ಕೆಡಿಇ ಯೋಜನೆ ಸ್ವಲ್ಪ ಕಾಲದ ಮೇಲೆ ಇದನ್ನೊಂದು ಮರ್ಯಾದೆಯ ಪದ್ಧತಿಯನ್ನಾಗಿ ಮಾಡಿತು. ಕೆಡಿಇ 3ರ ದಿನಗಳಲ್ಲಿ ಮೊದಲ ಸಲ ಲಾಗಿನ್ ಆದಾಗ ಅದು ಕೇಳುತ್ತಿತ್ತು: ನಿಮಗೆ ಯಾವ ನಡವಳಿಕೆ ಬೇಕು, ಕೆಡಿಇಯದೇ, ಯುನಿಕ್ಸ್‌ನದೇ, ವಿಂಡೋಸ್‌ನದೇ, ಮ್ಯಾಕ್‌ನದೇ? ಅದು ಕೇಳಿದ್ದು ಬಣ್ಣದ ಬಗ್ಗೆ ಅಲ್ಲ, ನಡವಳಿಕೆಯ ಬಗ್ಗೆ ಎಂಬುದನ್ನು ಗಮನಿಸಿ. ಕಡತ ಒಂದೇ ಒತ್ತಿಗೆ ತೆರೆಯಬೇಕೋ ಎರಡಕ್ಕೋ, ತಲೆಪಟ್ಟಿಯ ಮೇಲೆ ಎರಡು ಸಲ ಒತ್ತಿದರೆ ಕಿಟಕಿ ಹಿಗ್ಗಬೇಕೋ ಸುರುಳಿಯಾಗಬೇಕೋ. ಚಿತ್ರ ಬರೆಯುವುದು ಸುಲಭ. ಬೆರಳು ಏನನ್ನು ನಿರೀಕ್ಷಿಸುತ್ತದೆ ಎಂಬುದನ್ನು ಹಿಡಿಯುವುದು ಕಷ್ಟ, ಹೆಚ್ಚಿನ ವೇಷಗಳು ಸಿಕ್ಕಿಬೀಳುವುದು ಅಲ್ಲಿಯೇ.

ಆಪಲ್‌ನ ಸ್ವಂತ ಅಂಗಳದಲ್ಲಿ ಇನ್ನೂ ವಿಚಿತ್ರ ನಡೆಯಿತು. 1990ರ ದಶಕದ ಮಧ್ಯದಲ್ಲಿ ಅದು ಕೋಪ್‌ಲ್ಯಾಂಡ್ ಎಂಬ ಹೊಸ ವ್ಯವಸ್ಥೆಯ ಆಸೆ ತೋರಿಸುತ್ತಾ ಬಂದಿತ್ತು. ಅದು ಬರಲೇ ಇಲ್ಲ, 1996ರಲ್ಲಿ ಕೈಬಿಟ್ಟರು. ಆದರೆ ಪತ್ರಿಕೆಗಳಲ್ಲಿ ಬಂದ ಅದರ ಚಿತ್ರಗಳನ್ನು ನೋಡಿ ಗ್ರೆಗ್ ಲ್ಯಾಂಡ್‌ವೆಬರ್, ಆರ್ಲೋ ರೋಸ್ ಎಂಬಿಬ್ಬರು ಆರನ್ ಎಂಬ ಪುಟ್ಟ ಸಾಫ್ಟ್‌ವೇರ್ ಮಾಡಿದ್ದರು. ಸಂಗೀತಗಾರ ಆರನ್ ಕೋಪ್‌ಲ್ಯಾಂಡ್ ಹೆಸರಿನ ಮೇಲಿನ ಚೇಷ್ಟೆ ಅದು. ಹಳೆಯ ಮ್ಯಾಕ್‌ಗೆ ಅದು ಹುಟ್ಟದ ಮಗುವಿನ ಮುಖ ಕೊಡುತ್ತಿತ್ತು. ಹಳೆಯ ಮ್ಯಾಕ್‌ನಲ್ಲಿ ಕಿಟಕಿ ಬರೆಯುವ ಸಂಕೇತ ಸಿಸ್ಟಮ್ ಕಡತದೊಳಗೆ ಒಂದು ಬಿಡಿ ತುಂಡಾಗಿ ಇರುತ್ತಿತ್ತು. ಅದರ ಜಾಗದಲ್ಲಿ ಬೇರೆ ತುಂಡು ಕೂರಿಸುವುದು ಇವರ ಕೌಶಲ. ಮುಂದೆ ಕೆಲೈಡೋಸ್ಕೋಪ್ ಎಂಬ ಹೆಸರಿನಲ್ಲಿ ಇದೇ ಬೆಳೆದು, ಬೇಕಾದ ಯಾವ ವೇಷವನ್ನೂ ಮ್ಯಾಕ್‌ಗೆ ಹಾಕುವಂತಾಯಿತು, ವಿಂಡೋಸ್ ವೇಷವನ್ನೂ.

2000ದ ಜನವರಿ 5ರಂದು ಜಾಬ್ಸ್ ಆಕ್ವಾ ಎಂಬ ಹೊಸ ರೂಪವನ್ನು ಅನಾವರಣ ಮಾಡಿದರು. ನೀರಹನಿಯಂಥ ಗುಂಡಿಗಳು, ಮಿಠಾಯಿಯಂತೆ ಹೊಳೆಯುವ ಬಣ್ಣಗಳು. ಅದು ಮಾರಾಟಕ್ಕೆ ಬರಲು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇತ್ತು. ಅಭಿಮಾನಿಗಳಿಗೆ ಅಷ್ಟು ತಾಳ್ಮೆ ಎಲ್ಲಿ? ಕೆಲೈಡೋಸ್ಕೋಪ್‌ಗೆ, ವಿಂಡೋಸ್‌ಗೆ, ಲಿನಕ್ಸ್‌ಗೆ ಆಕ್ವಾ ವೇಷಗಳು ಬಂದವು. ಮುಂದಿನ ಒಂದು ವರ್ಷದಲ್ಲಿ ಆಪಲ್‌ನ ವಕೀಲರ ಪತ್ರಗಳು ಅವನ್ನು ಹಂಚುವ ತಾಣಗಳಿಗೆ ಹೋದವು, ವೇಷಗಳು ಇಳಿದವು. ಇದು ನನಗೆ ಸಣ್ಣತನವಾಗಿಯೇ ಕಾಣುತ್ತದೆ. ಆ ಹುಡುಗರು ಯಾರ ವ್ಯಾಪಾರವನ್ನೂ ಕಸಿಯುತ್ತಿರಲಿಲ್ಲ, ಇನ್ನೂ ಅಂಗಡಿಗೆ ಬಾರದ ಸರಕಿಗೆ ಪುಕ್ಕಟೆ ಜಾಹೀರಾತಾಗಿದ್ದರು. ಅದೇ ಆರ್ಲೋ ರೋಸ್ 2003ರಲ್ಲಿ ಕಾನ್‌ಫ್ಯಾಬ್ಯುಲೇಟರ್ ಎಂಬುದನ್ನು ತಂದರು, ಡೆಸ್ಕ್‌ಟಾಪ್ ಮೇಲೆ ತೇಲುವ ಪುಟ್ಟ ಗಡಿಯಾರ, ಹವಾಮಾನ, ಟಿಪ್ಪಣಿ. 2005ರಲ್ಲಿ ಆಪಲ್ ತಂದ ಡ್ಯಾಶ್‌ಬೋರ್ಡ್ ಅದನ್ನು ಎಷ್ಟು ಹೋಲುತ್ತಿತ್ತೆಂದರೆ, ಆಗ ನಕಲಿನ ದೂರು ಆಪಲ್ ಕಡೆಗೆ ತಿರುಗಿತು.

ವಿಂಡೋಸ್‌ನಲ್ಲಿ ಸ್ಟಾರ್‌ಡಾಕ್ ಎಂಬ ಕಂಪನಿ ವಿಂಡೋಬ್ಲೈಂಡ್ಸ್ ಮಾರಿ ವೇಷಗಾರಿಕೆಯನ್ನೇ ಜೀವನೋಪಾಯ ಮಾಡಿಕೊಂಡಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ವೇಷ ಬದಲಿಸುವ ಸೌಲಭ್ಯ ಒಳಗೇ ಇತ್ತು, ಆದರೆ ಮೈಕ್ರೋಸಾಫ್ಟ್ ಸಹಿ ಇದ್ದ ವೇಷಗಳಿಗೆ ಮಾತ್ರ. ಸಹಿ ಪರೀಕ್ಷಿಸುವ ಕಡತವನ್ನೇ ತಿದ್ದಿ ಹಾಕುವುದನ್ನು ಆ ಕಾಲದ ಕಾಲೇಜು ಹುಡುಗರು ಬೇಗ ಕಲಿತರು. ಹಾಸ್ಟೆಲಿನ ಅಗ್ಗದ ಅಸೆಂಬಲ್ಡ್ ಪಿಸಿಯಲ್ಲಿ ಫ್ಲೈಅಕೈಟ್ ಓಎಸ್‌ಎಕ್ಸ್ ಹಾಕಿ 'ಮ್ಯಾಕ್ ತಗೊಂಡೆ' ಎಂದು ಗೆಳೆಯರನ್ನು ಕರೆದು ತೋರಿಸಿದವರು ಈ ಓದುಗರಲ್ಲೇ ಇರಬೇಕು. ಮರುದಿನ ವಿಂಡೋಸ್ ಏಳದೆ ಪೂರ್ತಿ ಫಾರ್ಮ್ಯಾಟ್ ಮಾಡಿಸಿದವರೂ.

ವೇಷ ಹೆಚ್ಚು ಭರವಸೆ ಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ಲಿಂಡೋಸ್ ಸಾಕ್ಷಿ. ಎಂಪಿ3 ಡಾಟ್ ಕಾಮ್ ಖ್ಯಾತಿಯ ಮೈಕೆಲ್ ರಾಬರ್ಟ್‌ಸನ್ 2001ರಲ್ಲಿ ಶುರುಮಾಡಿದ ಈ ಲಿನಕ್ಸ್, ಹೆಸರಿನಲ್ಲೂ ರೂಪದಲ್ಲೂ ವಿಂಡೋಸನ್ನು ನೆನಪಿಸುತ್ತಿತ್ತು. ವಿಂಡೋಸ್ ಪ್ರೋಗ್ರಾಮುಗಳನ್ನೂ ಓಡಿಸುತ್ತದೆ ಎಂದು ಮೊದಲಿಗೆ ಹೇಳಿಕೊಂಡಿತು, ಬಳಿಕ ಆ ಮಾತನ್ನು ಮೆಲ್ಲಗೆ ಹಿಂದಕ್ಕೆ ಸರಿಸಿತು. 2002ರಲ್ಲಿ ವಾಲ್‌ಮಾರ್ಟ್ ತನ್ನ ಆನ್‌ಲೈನ್ ಅಂಗಡಿಯಲ್ಲಿ ಲಿಂಡೋಸ್ ಪಿಸಿಗಳನ್ನು 199 ಡಾಲರಿಗೆ ಮಾರಿತು. ಸ್ಟಾರ್ಟ್ ಥರದ ಗುಂಡಿ ನೋಡಿ ಕೊಂಡವರು ತಮ್ಮ ಆಟದ ಸಿಡಿ ಹಾಕಿದಾಗ ಏನೂ ಆಗದಿದ್ದರೆ ಯಾರನ್ನು ಬೈಯಬೇಕು? ಮೈಕ್ರೋಸಾಫ್ಟ್ ಹೆಸರಿನ ಮೇಲೆ ದಾವೆ ಹಾಕಿತು. ಕಿಟಕಿ ಎಂಬ ಸಾಮಾನ್ಯ ಪದಕ್ಕೆ ಒಬ್ಬರ ಒಡೆತನ ಸಾಧ್ಯವೇ ಎಂದು ಅಮೆರಿಕದ ನ್ಯಾಯಾಧೀಶರು ಅನುಮಾನ ಎತ್ತಿದರು. ತನ್ನ ಹೆಸರೇ ಹೋದೀತೆಂದು ಹೆದರಿದ್ದು ಈಗ ಮೈಕ್ರೋಸಾಫ್ಟ್. 2004ರಲ್ಲಿ ರಾಜಿಯಾಯಿತು. ಲಿಂಡೋಸ್ ಲಿನ್‌ಸ್ಪೈರ್ ಆಯಿತು, ದಾವೆ ಹೂಡಿದ ಮೈಕ್ರೋಸಾಫ್ಟೇ ಸುಮಾರು ಎರಡು ಕೋಟಿ ಡಾಲರ್ ಕೊಟ್ಟಿತು.

ಚೀನಾದಲ್ಲಿ ಕಾರಣ ಬೇರೆಯಿತ್ತು. ಅಲ್ಲಿ ಕದ್ದು ತಿದ್ದಿದ ಎಕ್ಸ್‌ಪಿಯನ್ನು ಹಂಚುವುದೇ ದೊಡ್ಡ ದಂಧೆ. 2009ರಲ್ಲಿ ಅಂಥದ್ದೊಂದನ್ನು ಹಂಚಿದವರಿಗೆ ಜೈಲಾಯಿತು. ಇದೇ ಕಸುಬಿನಲ್ಲಿದ್ದ ಯೂಲಿನ್ ಮುಫೆಂಗ್ ಎಂಬ ಇನ್ನೊಂದು ಬಳಗ ಎಚ್ಚೆತ್ತು, ಉಬುಂಟು ಲಿನಕ್ಸ್‌ಗೆ ಎಕ್ಸ್‌ಪಿಯ ನೀಲಿ ಪಟ್ಟಿ, ಹಸಿರು ಗುಂಡಿ ಹಚ್ಚಿ ಹಂಚಿತು. ಕದ್ದ ಮಾಲು ಬಿಟ್ಟು ಮುಖ ಮಾತ್ರ ಉಳಿಸಿಕೊಂಡರು.

ಉತ್ತರ ಕೊರಿಯಾದ ರೆಡ್ ಸ್ಟಾರ್ ಬಗ್ಗೆ ನಗುವುದು ಸುಲಭ. ಸರ್ಕಾರಿ ಸಂಸ್ಥೆಯೊಂದು ಲಿನಕ್ಸ್‌ನಿಂದ ಕಟ್ಟಿದ ಈ ವ್ಯವಸ್ಥೆಯ ಎರಡನೇ ಆವೃತ್ತಿ ವಿಂಡೋಸ್ ಎಕ್ಸ್‌ಪಿಯಂತಿತ್ತು. ಮೂರನೆಯದು ಪೂರ್ತಿ ಮ್ಯಾಕ್, ಕೆಳಗೆ ಡಾಕ್, ಮೇಲೆ ಮೆನು. 2013ರಲ್ಲಿ ಕಿಮ್ ಜಾಂಗ್ ಉನ್ ಮೇಜಿನ ಮೇಲೆ ಐಮ್ಯಾಕ್ ಇದ್ದ ಫೋಟೋ ಬಂದಿತ್ತು, ಆದ್ದರಿಂದ ದೊರೆಯ ರುಚಿಯೇ ಪ್ರಜೆಗಳ ರುಚಿ ಎಂದು ಎಲ್ಲರೂ ನಕ್ಕರು. 2015ರ ಡಿಸೆಂಬರಿನಲ್ಲಿ ಜರ್ಮನಿಯ ಇಬ್ಬರು ಭದ್ರತಾ ಪರಿಣತರು, ಫ್ಲೋರಿಯಾನ್ ಗ್ರುನೋವ್ ಮತ್ತು ನಿಕ್ಲಾಸ್ ಶೀಸ್, ಅದನ್ನು ಬಿಚ್ಚಿ ತೋರಿಸಿದಾಗ ನಗು ನಿಂತಿತು. ಪೆನ್ ಡ್ರೈವ್ ಚುಚ್ಚಿದರೆ ಸಾಕು, ಅದರಲ್ಲಿನ ದಾಖಲೆ, ಚಿತ್ರಗಳೊಳಗೆ ಆ ಕಂಪ್ಯೂಟರಿನ ಡಿಸ್ಕ್ ಸಂಖ್ಯೆಯನ್ನು ಗುಪ್ತವಾಗಿ ಬರೆದಿಡುತ್ತಿತ್ತು. ಕಡತ ಒಬ್ಬರಿಂದ ಒಬ್ಬರಿಗೆ ಸಾಗಿದಷ್ಟೂ ಗುರುತುಗಳು ಸೇರುತ್ತವೆ. ಒಂದು ಸಿನಿಮಾ ತುಣುಕು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಪೊಲೀಸರು ಓದಿಕೊಳ್ಳಬಹುದು. ಇದನ್ನು ತಡೆಯಲು ಒಳಗಿನ ಕಡತ ತಿದ್ದಿದರೆ ಯಂತ್ರ ತಾನಾಗಿ ಮತ್ತೆ ಮತ್ತೆ ರೀಬೂಟ್ ಆಗುತ್ತಿತ್ತು.

ಸರ್ಕಾರದ ಕಣ್ಣು ತಪ್ಪಿಸಲೂ ವೇಷವೇ ಬಂತು. ಎಡ್ವರ್ಡ್ ಸ್ನೋಡೆನ್ ಮತ್ತು ಅವರ ಜೊತೆ ಕೆಲಸ ಮಾಡಿದ ಪತ್ರಕರ್ತರು ಬಳಸಿದ ಟೇಲ್ಸ್ ಎಂಬ ಲಿನಕ್ಸ್ ಪೆನ್ ಡ್ರೈವಿನಿಂದಲೇ ಓಡುತ್ತದೆ, ಯಂತ್ರದಲ್ಲಿ ಗುರುತು ಉಳಿಸುವುದಿಲ್ಲ. ಆದರೆ ಸೈಬರ್ ಕೆಫೆಯಲ್ಲಿ ಕೂತವರ ಪರದೆ ವಿಚಿತ್ರವಾಗಿ ಕಂಡರೆ ಪಕ್ಕದವರು ಇಣುಕದೆ ಬಿಡುತ್ತಾರೆಯೇ? ಅದಕ್ಕೇ ಟೇಲ್ಸ್ ಮೊದಲು ಎಕ್ಸ್‌ಪಿ ವೇಷವನ್ನೂ ಆಮೇಲೆ ವಿಂಡೋಸ್ 8ರ ವೇಷವನ್ನೂ ಇಟ್ಟುಕೊಂಡಿತ್ತು. ಅಡಿಯ ಡೆಸ್ಕ್‌ಟಾಪ್ ಬದಲಾದ್ದರಿಂದ 2016ರ ಆವೃತ್ತಿಯಲ್ಲಿ ಅದನ್ನು ಮುಂದುವರಿಸಲಾಗಲಿಲ್ಲ. ಭದ್ರತಾ ಪರೀಕ್ಷಕರ ಕಾಲಿ ಲಿನಕ್ಸ್ 2019ರ ನವೆಂಬರಿನಲ್ಲಿ ಒಂದೇ ಆಜ್ಞೆಗೆ ವಿಂಡೋಸ್ 10 ಆಗಿಬಿಡುವ ಗುಟ್ಟಿನ ವೇಷ ತಂದಿತು. ಇಲ್ಲಿ ವೇಷದ ಗುಣಮಟ್ಟವನ್ನು ಅಳೆಯುವವರು ಬಳಸುವವರಲ್ಲ, ಮೂರು ಮಾರು ದೂರದಿಂದ ಇಣುಕುವವರು.

ವಿಂಡೋಸ್‌ಗೆ ಹಳೆಯ ವಿಂಡೋಸ್‌ನದೇ ವೇಷ ಹಾಕುವ ಕಾಲವೂ ಬಂತು. 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಗುಂಡಿಯನ್ನೇ ಕಿತ್ತುಹಾಕಿತು. ಸ್ಟಾರ್‌ಡಾಕ್ 4.99 ಡಾಲರಿಗೆ ಅದನ್ನು ಮರಳಿ ಮಾರಿತು, ಕ್ಲಾಸಿಕ್ ಶೆಲ್ ಪುಕ್ಕಟೆ ಕೊಟ್ಟಿತು. 2011ರಲ್ಲಿ ಗ್ನೋಮ್ 3 ಹಳೆಯ ಮೆನು ತೆಗೆದಾಗ ಅರ್ಜೆಂಟೀನಾದ ಒಬ್ಬ ಬಳಕೆದಾರ ಹಳೆಯದನ್ನೇ ಕವಲೊಡೆಸಿ ಮುಂದುವರಿಸಿದ, ತನ್ನ ನಾಡಿನ ಕಷಾಯ ಮಾತೆಯ ಹೆಸರಿಟ್ಟ. ಮೈಕ್ರೋಸಾಫ್ಟ್ 2015ರ ವಿಂಡೋಸ್ 10ರಲ್ಲಿ ಮೆನುವನ್ನು ಮರಳಿ ತಂದಿತು. ಜನರ ಮಂಡುತನ ಎಂದು ವಿನ್ಯಾಸಕಾರರು ಇದನ್ನು ಜರೆಯುವುದುಂಟು. ಬೆಳಗಿನಿಂದ ಸಂಜೆವರೆಗೆ ನೂರು ಅರ್ಜಿ ತುಂಬುವ ಗುಮಾಸ್ತರ ಪಕ್ಕದಲ್ಲಿ ಒಂದು ದಿನ ಕೂತರೆ ಹಾಗೆ ಅನ್ನುವುದಿಲ್ಲ.

ನಮ್ಮ ಸರ್ಕಾರಕ್ಕೂ ಇದು ತಿಳಿದಂತಿದೆ. 2023ರ ಆಗಸ್ಟಿನಲ್ಲಿ ರಕ್ಷಣಾ ಸಚಿವಾಲಯ ಇಂಟರ್ನೆಟ್ ಸಂಪರ್ಕವಿರುವ ಕಂಪ್ಯೂಟರುಗಳಲ್ಲಿ ವಿಂಡೋಸ್ ಬದಲು ಉಬುಂಟು ಆಧಾರಿತ ಮಾಯಾ ಎಂಬ ವ್ಯವಸ್ಥೆ ತರುತ್ತದೆ ಎಂದು ಸುದ್ದಿಯಾಯಿತು. ಪರದೆ ವಿಂಡೋಸ್‌ನಂತೆಯೇ ಇರುತ್ತದೆ, ಬಳಸುವವರಿಗೆ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ ಎಂದು ವರದಿಗಳು ಹೇಳಿದವು. ಮಾಯಾ ಎಂದು ಹೆಸರಿಟ್ಟವರು ಈ ವೇಷವನ್ನು ನೆನೆದೇ ಇಟ್ಟರೋ ಏನೋ.

ಮುಖ ಬೇರೆಯಾಗಿ ಅಳತೆ ಮಾತ್ರ ಒಂದೇ ಆಗುವ ತಿರುಗುಮುರುಗು ಜಾತಿಯ ನಕಲೂ ಒಂದಿದೆ. ಮೊನೊಟೈಪ್ ಕಂಪನಿ 1982ರಲ್ಲಿ ರೂಪಿಸಿದ ಏರಿಯಲ್ ಅಕ್ಷರಗಳ ಅಗಲ ಹೆಲ್ವೆಟಿಕಾದ ಅಗಲಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹೊಂದುತ್ತದೆ. 2007ರಲ್ಲಿ ರೆಡ್ ಹ್ಯಾಟ್ ಹೊರತಂದ ಲಿಬರೇಷನ್ ಅಕ್ಷರಗಳು ಏರಿಯಲ್‌ನ ಅಗಲವನ್ನು ಹೊಂದಿಸಿಕೊಂಡವು. ಅಕ್ಷರದ ಆಕಾರ ಬೇರೆ, ಆದರೆ ವಿಂಡೋಸ್‌ನಲ್ಲಿ ಟೈಪು ಮಾಡಿದ ಪತ್ರ ಲಿನಕ್ಸ್‌ನಲ್ಲಿ ತೆರೆದರೂ ಸಾಲು ಅಲ್ಲಲ್ಲೇ ಮುರಿಯುತ್ತದೆ, ಸಹಿಯ ಜಾಗ ಮುಂದಿನ ಪುಟಕ್ಕೆ ಜಾರುವುದಿಲ್ಲ. ಪರದೆಯ ಯಾವ ಬಣ್ಣಗಾರಿಕೆಗಿಂತಲೂ ಈ ಅದೃಶ್ಯ ಹೊಂದಾಣಿಕೆ ಹೆಚ್ಚು ಜನರ ಕೆಲಸವನ್ನು ಉಳಿಸಿದೆ ಎಂದು ನನ್ನ ಎಣಿಕೆ.

ಕನ್ನಡಕ್ಕೆ ಇಂಥದ್ದು ಕೀಲಿಮಣೆಯಲ್ಲಿ ಒದಗಿತು. ಅದರ ಹಿಂದಿರುವ ಕಿನ್ನಿಕಂಬಳ ಪದ್ಮನಾಭ ರಾವ್ ಮುಂಬಯಿಯ ಟಿಐಎಫ್‌ಆರ್‌ನಲ್ಲೂ ಇದೇ ಮೊನೊಟೈಪ್‌ನಲ್ಲೂ ಕೆಲಸ ಮಾಡಿದವರು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳ ಮೇಲೆಯೇ ಕನ್ನಡದ ಇಡೀ ವರ್ಣಮಾಲೆಯನ್ನು ಅವರು ಕೂರಿಸಿದರು. ಕ ಒತ್ತುವ ಕೀಲಿಗೇ ಶಿಫ್ಟ್ ಸೇರಿಸಿದರೆ ಖ, ಒತ್ತಕ್ಷರ ಬೇಕಾದಾಗ ನಡುವೆ ಎಫ್. ಕನ್ನಡ ಗಣಕ ಪರಿಷತ್ತು ಅದನ್ನು ನುಡಿಯಲ್ಲಿ ಅಳವಡಿಸಿತು, ಸರ್ಕಾರ ಒಪ್ಪಿತು, ತಾಲೂಕು ಕಚೇರಿಯಿಂದ ಡಿಟಿಪಿ ಅಂಗಡಿಯವರೆಗೆ ಬೆರಳುಗಳು ಅದನ್ನು ಕಲಿತವು. ಇಂದು ಜೋರಿನ್ ಹಾಕಿಕೊಂಡವರು ಕೀಲಿಮಣೆಗಳ ಪಟ್ಟಿ ತೆರೆದು ಕನ್ನಡಕ್ಕೆ ಬಂದರೆ, ಆವರಣದೊಳಗೆ ಕಗಪ ಎಂಬ ಹೆಸರಿನ ಒಂದು ಸಾಲು ಅಲ್ಲೇ ಇರುತ್ತದೆ.